ಗೊರೊಕಾದಿಂದ ಮಂಡ್ಯಕ್ಕೆ: ಭಾವನಿಗೆ ಹೇಳಬೇಕಾದ ಮಾತು

ಗೊರೊಕಾ, ಪಪುವಾ ನ್ಯೂಗಿನಿ
ಭಾನುವಾರ ರಾತ್ರಿ

ಪ್ರೀತಿಯ ಅಪ್ಪನಿಗೆ, ಅವ್ವನಿಗೆ,

ಕರ್ತನ ನಾಮದಲ್ಲಿ ವಂದನೆಗಳು. ನಾನು ಚೆನ್ನಾಗಿದ್ದೇನೆ. ಕಾಲಿನ ಊತ ಪೂರ್ತಿ ಇಳಿದಿದೆ, ಅವ್ವ ಯೋಚನೆ ಮಾಡುವುದು ಬೇಡ. ಹೋದ ವಾರ ಫೋನಿನಲ್ಲಿ ಸರಿಯಾಗಿ ಮಾತಾಡಲಿಲ್ಲ ಅಂತ ನಿಮಗೆ ಬೇಜಾರಾಗಿರಬಹುದು. ನೆಟ್‌ವರ್ಕ್ ಇರಲಿಲ್ಲ ಅಂದೆ, ಅದು ಅರ್ಧ ನಿಜ. ಇನ್ನರ್ಧ ಏನೆಂದರೆ ಭಾವ ನಿಮ್ಮ ಪಕ್ಕದಲ್ಲೇ ಕೂತಿದ್ದರು. ಅವರಿಗೆ ನೇರವಾಗಿ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಈ ಕಾಗದ. ನೀವೇ ಓದಿ, ಹೇಗೆ ಹೇಳಬೇಕೋ ಹಾಗೆ ಅವರಿಗೆ ಹೇಳಿ.

ನಮ್ಮ ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಬಂದ ಹಣದಲ್ಲಿ ಒಂದು ಪಾಲನ್ನು ಇಲ್ಲಿನ ಬೈಬಲ್ ಶಾಲೆಯ ಹುಡುಗರ ಹಳ್ಳಿ ಸೇವೆಗೆ ಕೊಡುತ್ತೇವೆ ಅಂತ ಸಭೆಯವರು ಒಪ್ಪಿದ್ದು ಕೇಳಿ ಕಣ್ಣು ತುಂಬಿತು. ಒಂದು ಕುಂಬಳಕಾಯಿಗೆ ಪೈಪೋಟಿ ಮೇಲೆ ಎರಡು ಸಾವಿರದವರೆಗೂ ಕೂಗುವ ನಮ್ಮ ಜನ ನೆನಪಾಗಿ ನಗುವೂ ಬಂತು. ಆದರೆ ಸಭೆಯ ಹೆಸರು ಹಾಕಿಸಿದ ಇನ್ನೂರು ಟೀ ಶರ್ಟ್, ಅದನ್ನು ಹಂಚಲು ಭಾವ ಮತ್ತು ಇನ್ನೂ ಮೂವರು ಎರಡು ವಾರ ಇಲ್ಲಿಗೆ ಬಂದು ಹಳ್ಳಿ ಹಳ್ಳಿ ತಿರುಗುವುದು, ಇದು ಬೇಡ ಅಪ್ಪಾ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಇಲ್ಲಿ ದೂರದ ಹಳ್ಳಿ ಅಂದರೆ ಏನು ಅಂತ ತಿಳಿಯಬೇಕು. ನಮ್ಮಲ್ಲಿ ಎಷ್ಟೇ ಮೂಲೆ ಹಳ್ಳಿ ಆದರೂ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ಇಲ್ಲದಿದ್ದರೆ ಯಾರದೋ ಟ್ರ್ಯಾಕ್ಟರ್ ಇದ್ದೇ ಇರುತ್ತೆ. ಇಲ್ಲಿ ರಾಜಧಾನಿ ಪೋರ್ಟ್ ಮೊರೆಸ್ಬಿಯಿಂದ ಈ ಗೊರೊಕಾಗೇ ರಸ್ತೆ ಇಲ್ಲ. ವಿಮಾನದಲ್ಲೇ ಬರಬೇಕು. ಗೊರೊಕಾದಿಂದ ಮುಂದಿನ ಬೆಟ್ಟದ ಎಷ್ಟೋ ಊರುಗಳಿಗೆ ಇರುವುದು ಒಂದು ಹುಲ್ಲಿನ ರನ್‌ವೇ ಮಾತ್ರ. ಅದೂ ಬೆಟ್ಟದ ಇಳಿಜಾರಿನಲ್ಲಿ. ವಿಮಾನ ಏರು ಮುಖವಾಗಿ ಇಳಿಯುತ್ತೆ, ಇಳಿಜಾರು ಮುಖವಾಗಿ ಹಾರುತ್ತೆ. ಅವ್ವಾ, ಮೊದಲ ಸಲ ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಹುಲ್ಲನ್ನು ಊರಿನವರೇ ಕತ್ತಿ ಹಿಡಿದು ಸವರುತ್ತಾರೆ. ಸವರದಿದ್ದರೆ ವಿಮಾನ ಇಳಿಯುವುದಿಲ್ಲ. ಮಧ್ಯಾಹ್ನ ಮೋಡ ಕವಿದರೂ ಇಳಿಯುವುದಿಲ್ಲ. ಮಿಷನ್ ಏವಿಯೇಷನ್ ಫೆಲೋಶಿಪ್‌ನವರು 1951ರಿಂದ ಈ ದೇಶದಲ್ಲಿ ಇಂಥ ಚಿಕ್ಕ ವಿಮಾನ ಹಾರಿಸುತ್ತಿದ್ದಾರೆ. ಅವು ಇಲ್ಲದಿದ್ದರೆ ಎಷ್ಟೋ ಕಡೆ ಔಷಧಿಯೂ ಹೋಗುವುದಿಲ್ಲ.

ಚಿಕ್ಕ ವಿಮಾನ ಅಂದಮೇಲೆ ತೂಕದ ಲೆಕ್ಕ. ನಮ್ಮ ಎಪಿಎಂಸಿಯಲ್ಲಿ ಬೆಲ್ಲ ತೂಗುವ ಹಾಗೆ ಇಲ್ಲಿ ಮನುಷ್ಯರನ್ನೇ ತೂಗುತ್ತಾರೆ. ಶಾಲೆಯ ಲೆಕ್ಕಪತ್ರದ ಜೊತೆಗೆ ಈ ಸಾಮಾನು ಕಟ್ಟುವ ಕೆಲಸವೂ ನನ್ನದೇ ಆದ್ದರಿಂದ ಇದರ ತಲೆನೋವು ನನಗೆ ಗೊತ್ತು. ಐದು ಜನರ ಒಂದು ತಂಡ. ಒಬ್ಬೊಬ್ಬರೂ ತಕ್ಕಡಿ ಮೇಲೆ ನಿಲ್ಲಬೇಕು, ಆಮೇಲೆ ಅವರ ಚೀಲ. ಅಕ್ಕಿ, ಟಿನ್ ಮೀನು, ಉಪ್ಪು, ಸೋಪು, ಸೋಲಾರ್ ದೀಪ, ಬೈಬಲ್, ಮಕ್ಕಳಿಗೆ ಸ್ಲೇಟು. ತೂಕ ಮೀರಿದರೆ ಯಾವುದನ್ನು ಕೆಳಗಿಡಬೇಕು ಅನ್ನುವುದಕ್ಕೆ ದೊಡ್ಡ ಜಗಳ. ಪ್ರತಿ ಸಲವೂ ಗಿಟಾರ್ ಉಳಿಯುತ್ತೆ, ಅಕ್ಕಿ ಇಳಿಯುತ್ತೆ. ನಾನು ಅಕ್ಕಿ ಪರ. ಹುಡುಗರು ಗಿಟಾರ್ ಪರ. ಅವರೇ ಸರಿ ಅಂತ ಈಗೀಗ ಅನಿಸುತ್ತಿದೆ, ಊಟ ಹಳ್ಳಿಯವರು ಹಾಕುತ್ತಾರೆ, ಹಾಡಿಗೆ ಗಿಟಾರ್ ಅವರ ಹತ್ತಿರ ಇರುವುದಿಲ್ಲ. ಆದರೆ ಉಪ್ಪನ್ನು ಮಾತ್ರ ಯಾರೂ ಇಳಿಸುವುದಿಲ್ಲ. ಅಂಗಡಿ ಇಲ್ಲದ ಊರಿಗೆ ಉಪ್ಪು ತಗೊಂಡು ಹೋದವನಿಗೆ ಸಿಗುವ ಸ್ವಾಗತ ನೀವು ನೋಡಬೇಕು.

ಈಗ ಹೇಳಿ, ಈ ತಕ್ಕಡಿ ಮೇಲೆ ಇನ್ನೂರು ಟೀ ಶರ್ಟ್ ಹೇಗೆ ಇಡಲಿ?

ಟೀ ಶರ್ಟಿನ ಮಾತು ಬಿಡಿ, ಹೇಗೋ ನಾಲ್ಕು ಸಲ ಮಾಡಿ ಸಾಗಿಸಬಹುದು. ಭಾಷೆಗೆ ಏನು ಮಾಡುವುದು? ಈ ದೇಶದ ಜನಸಂಖ್ಯೆ ಕರ್ನಾಟಕದ ಆರನೇ ಒಂದು ಪಾಲು ಇರಬಹುದು. ಭಾಷೆಗಳು 800ಕ್ಕೂ ಜಾಸ್ತಿ. ಒಂದು ಕಣಿವೆ ದಾಟಿದರೆ ಬೇರೆ ಭಾಷೆ. ಎಲ್ಲರಿಗೂ ಸಾಮಾನ್ಯವಾಗಿ ಇರುವುದು ಟೋಕ್ ಪಿಸಿನ್, ಅದರಲ್ಲಿ ಪೂರ್ತಿ ಬೈಬಲ್ ಬಂದದ್ದು 1989ರಲ್ಲಿ. ನಾನು ಹುರುಪಿನಿಂದ ಕಲಿತೆ, ಸುಲಭ, ಕೇಳಲು ಮಜಾ. ದೇವರ ಕುರಿಮರಿ ಅನ್ನಲು ‘ಪಿಕಿನಿನಿ ಸಿಪ್‌ಸಿಪ್ ಬಿಲಾಂಗ್ ಗಾಡ್’ ಅನ್ನುತ್ತಾರೆ, ಅಂದರೆ ದೇವರ ಕುರಿಯ ಮಗು. ಇವರಿಗೆ ಮನಸ್ಸು ಇರುವುದೆಲ್ಲಾ ಹೊಟ್ಟೆಯಲ್ಲಿ. ‘ಬೆಲ್ ಹೆವಿ’ ಅಂದರೆ ಹೊಟ್ಟೆ ಭಾರ, ದುಃಖ. ‘ಬೆಲ್ ಇಸಿ’ ಅಂದರೆ ಸಮಾಧಾನ. ಪಶ್ಚಾತ್ತಾಪಪಟ್ಟು ದೇವರ ಕಡೆ ತಿರುಗುವುದಕ್ಕೆ ‘ತಾನಿಂ ಬೆಲ್’, ಹೊಟ್ಟೆ ತಿರುಗಿಸುವುದು! ಅವ್ವ ಯಾರನ್ನಾದರೂ ಹರಸುವಾಗ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಅನ್ನುತ್ತಾಳಲ್ಲ, ಅದನ್ನು ಇಲ್ಲಿ ಒಬ್ಬ ಅಜ್ಜಿಗೆ ಬಿಡಿಸಿ ಹೇಳಿದೆ. ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಆದರೆ ಬೆಟ್ಟದ ಮೇಲಿನ ವಯಸ್ಸಾದವರಿಗೆ, ಅದರಲ್ಲೂ ಹೆಂಗಸರಿಗೆ, ಟೋಕ್ ಪಿಸಿನ್ ಕೂಡ ಅಷ್ಟಕ್ಕಷ್ಟೇ. ಅವರು ಅಳುವುದು, ಬೈಯುವುದು, ಪ್ರಾರ್ಥನೆ ಮಾಡುವುದು ಎಲ್ಲಾ ತಮ್ಮ ಊರಿನ ಮಾತಿನಲ್ಲಿ. ಆ ಮಾತು ಬರುವುದು ಅದೇ ಕಣಿವೆಯಿಂದ ನಮ್ಮ ಶಾಲೆಗೆ ಬಂದ ಹುಡುಗನಿಗೆ ಮಾತ್ರ. ಯಾವ ದಾರಿಯಲ್ಲಿ ಈಗ ಕುಲಗಳ ಜಗಳ ನಡೆದಿದೆ, ಯಾವ ಹೊಳೆ ದಾಟಬಾರದು, ಯಾರ ಮನೆಗೆ ಮೊದಲು ಹೋಗಬೇಕು, ಇದೂ ಅವನಿಗೇ ಗೊತ್ತು. ಒಂದೇ ಮಾತಿನವರನ್ನು ಇಲ್ಲಿ ‘ವಾಂಟೋಕ್’ ಅನ್ನುತ್ತಾರೆ. ವಾಂಟೋಕ್ ಬಂದರೆ ಊಟ ಹಾಕುವುದು, ಮಲಗಲು ಜಾಗ ಕೊಡುವುದು ಧರ್ಮ. ದುಬೈಯಲ್ಲಿ ಮಂಡ್ಯದವನು ಸಿಕ್ಕಿದರೆ ನಾವು ಮಾಡುವುದಿಲ್ವಾ, ಹಾಗೆ.

ಇನ್ನು ನನ್ನ ಕಾಲಿನ ಕಥೆ. ಜಾರಿ ಬಿದ್ದೆ ಅಂತಷ್ಟೇ ಹೇಳಿದ್ದೆ. ಪೂರ್ತಿ ಹೇಳಿರಲಿಲ್ಲ, ನಾಚಿಕೆ ಆಗಿತ್ತು.

ಹೋದ ರಜೆಯಲ್ಲಿ ನಾನೂ ಬರುತ್ತೇನೆ ಅಂತ ಹಟ ಹಿಡಿದು ಒಂದು ತಂಡದ ಜೊತೆ ಹೊರಟೆ. ಬರೀ ಲೆಕ್ಕ ಬರೆದು ಸಾಕಾಗಿತ್ತು. ಎಲ್ಲರಿಗೂ ನನ್ನ ದುಡ್ಡಲ್ಲೇ ಒಳ್ಳೆ ಬೂಟು ಕೊಡಿಸಿದ್ದೆ. ವಿಮಾನ ಇಳಿದ ತಕ್ಷಣ ಹುಡುಗರು ಬೂಟು ಬಿಚ್ಚಿ, ಲೇಸು ಗಂಟು ಹಾಕಿ ಕೊರಳಿಗೆ ನೇತುಹಾಕಿಕೊಂಡರು. ಪಾಚಿ ಹಿಡಿದ ಮರದ ದಿಮ್ಮಿ ಮೇಲೆ ಬರಿಗಾಲೇ ಗಟ್ಟಿಯಂತೆ. ಬೂಟು ಆರಾಧನೆಗೆ! ನಾನು ಬೂಟು ಹಾಕಿಕೊಂಡೇ ನಡೆದೆ, ಎರಡನೇ ದಿನ ಅಂಥದ್ದೇ ಒಂದು ದಿಮ್ಮಿಯಿಂದ ಜಾರಿದೆ. ಕಾಲು ಉಳುಕಿತು. ನನ್ನ ಚೀಲ ಒಬ್ಬ ಹೊತ್ತ, ನನಗೆ ಇಬ್ಬರು ಹೆಗಲು ಕೊಟ್ಟರು. ಮಧ್ಯಾಹ್ನಕ್ಕೆ ತಲುಪಬೇಕಾದ ಊರಿಗೆ ಕತ್ತಲಾದ ಮೇಲೆ ತಲುಪಿದೆವು.

ಅಲ್ಲಿ ಆದದ್ದು ಅದಕ್ಕಿಂತ ಜಾಸ್ತಿ ನೋವು. ಹೊರದೇಶದವನು ಬಂದಿದ್ದಾನೆ ಅಂತ ಊರಿನ ಹಿರಿಯ ಒಂದು ಹಂದಿ ಕಡಿಸಿದ. ಕಾದ ಕಲ್ಲಿನ ಗುಂಡಿಯಲ್ಲಿ ಬಾಳೆ ಎಲೆ ಮುಚ್ಚಿ, ಗೆಣಸಿನ ಜೊತೆ ಬೇಯಿಸಿದರು. ರುಚಿ ಹೇಳಲಾರೆ, ಅಷ್ಟು ಚೆನ್ನಾಗಿತ್ತು. ನಾನೂ ಎರಡು ಸಲ ಹಾಕಿಸಿಕೊಂಡೆ. ರಾತ್ರಿ ಆ ಊರಿನ ಕಡೆಯ ನಮ್ಮ ವಿದ್ಯಾರ್ಥಿ ಮೆಲ್ಲಗೆ ಹೇಳಿದ, ಅದು ಮಗನ ಮದುವೆಯ ತೆರಕ್ಕೆ, ಅಂದರೆ ಹೆಣ್ಣಿನ ಮನೆಗೆ ಕೊಡಲು, ಇಟ್ಟುಕೊಂಡಿದ್ದ ಹಂದಿ. ಇಲ್ಲಿ ಹಂದಿ ಅಂದರೆ ನಮ್ಮಲ್ಲಿ ಜೋಡೆತ್ತು ಇದ್ದ ಹಾಗೆ, ಮನೆಯ ಆಸ್ತಿ. ನನ್ನ ಒಂದು ಊಟಕ್ಕೆ ಒಬ್ಬ ಹುಡುಗನ ಮದುವೆ ಮುಂದಕ್ಕೆ ಹೋಯಿತು.

ಮಾರನೇ ದಿನ ಆರಾಧನೆಯಲ್ಲಿ ನನ್ನನ್ನು ಮುಂದೆ ಕೂರಿಸಿದರು. ನಮ್ಮ ಆ ವಿದ್ಯಾರ್ಥಿ ತನ್ನ ಊರಿನ ಮಾತಿನಲ್ಲಿ, ದಾರಿ ತಪ್ಪಿದ ಮಗನ ಕಥೆ ಹೇಳುತ್ತಿದ್ದ. ಒಂದು ತಿಂಗಳು ತಯಾರಿ ಮಾಡಿದ್ದ, ನನಗೆ ಗೊತ್ತು. ಯಾರೂ ಅವನ ಮುಖ ನೋಡಲಿಲ್ಲ. ಮಕ್ಕಳು, ಮುದುಕರು ಎಲ್ಲರೂ ನನ್ನ ಮುಖ, ನನ್ನ ಊದಿದ ಕಾಲು ನೋಡುತ್ತಿದ್ದರು. ನಾನು ಸುಮ್ನೆ ಕೂತಿದ್ದೇ ಅವನ ಮಾತಿಗೆ ಅಡ್ಡ ಬಂತು.

ಈ ರಜೆಯಲ್ಲಿ ಆ ಊರಿಗೆ ತಂಡದವರಷ್ಟೇ ಹೋಗಿ ಬಂದರು. ನನ್ನ ಜೊತೆ ಹೋದಾಗ ನಾಲ್ಕು ದಿನ ಇದ್ದದ್ದು, ಈ ಸಲ ಮೂರು ವಾರ. ಯಾರೂ ಹಂದಿ ಕಡಿಯಲಿಲ್ಲ, ದಿನಾ ಗೆಣಸು, ಸೊಪ್ಪು. ಬೆಳಿಗ್ಗೆ ತೋಟದಲ್ಲಿ ಅವರ ಜೊತೆ ಕೆಲಸ, ಮಧ್ಯಾಹ್ನ ಮಕ್ಕಳಿಗೆ ಅಕ್ಷರ, ರಾತ್ರಿ ಬೆಂಕಿ ಸುತ್ತ ಹಾಡು, ವಚನ. ಒಡೆದುಹೋಗಿದ್ದ ನೀರಿನ ಪೈಪು ಸರಿ ಮಾಡಿಕೊಟ್ಟರಂತೆ. ಸೆಪಿಕ್ ಹೊಳೆ ಕಡೆಯ ಒಬ್ಬಳು ವಿದ್ಯಾರ್ಥಿನಿ ಹೆಂಗಸರ ಜೊತೆ ಕೂತು ನಾರಿನ ಚೀಲ ಹೆಣೆಯುವುದು ಕಲಿತು ಬಂದಿದ್ದಾಳೆ. ಹೆಣೆಯುತ್ತಾ ಹೆಣೆಯುತ್ತಾ ಆ ಹೆಂಗಸರು ಏನೇನು ಹೇಳಿಕೊಂಡರು ಅಂತ ಅವಳು ನಮಗೆ ಪೂರ್ತಿ ಹೇಳಲಿಲ್ಲ. ಹೇಳಬಾರದು ಕೂಡ.

ಆ ಹಿರಿಯ ನನಗೆ ಅಂತ ಎರಡು ಜಲ್ಲೆ ಕಬ್ಬು ಕಳಿಸಿದ್ದ. ಅಪ್ಪಾ, ನಾವು ಸಕ್ಕರೆ ನಾಡು ಅಂತ ಎದೆ ತಟ್ಟಿಕೊಳ್ಳುತ್ತೇವೆ. 1933ರಲ್ಲಿ ನಮ್ಮ ಸಕ್ಕರೆ ಕಂಪನಿ ಶುರುವಾದದ್ದನ್ನು ನೀವು ಎಷ್ಟು ಸಲ ಹೇಳಿಲ್ಲ! ಆದರೆ ಕಬ್ಬನ್ನು ಮೊದಲು ನೆಟ್ಟು ಬೆಳೆದದ್ದು ಈ ದ್ವೀಪದ ಜನ, ಸಾವಿರಾರು ವರ್ಷದ ಹಿಂದೆ. ನಮ್ಮ ಕಬ್ಬಿನ ತವರುಮನೆ ಇದು. ಇಲ್ಲಿ ಯಾರೂ ಎಕರೆಗಟ್ಟಲೆ ಹಾಕುವುದಿಲ್ಲ, ಮನೆ ತೋಟದ ಅಂಚಿಗೆ ನಾಲ್ಕು ಬುಡ, ತಿನ್ನುವುದಕ್ಕೆ. ನಮ್ಮೂರಲ್ಲಿ ಲಾರಿಗಟ್ಟಲೆ ಕಬ್ಬು ರಸ್ತೆಯಲ್ಲಿ ಸಾಲು ನಿಲ್ಲುತ್ತೆ ಅಂದರೆ ಹುಡುಗರು ನಂಬುವುದಿಲ್ಲ. ಇನ್ನೊಂದು, ಅವ್ವನಿಗೆ. ಇಲ್ಲಿಯೂ ಎಲ್ಲರ ಬಾಯಿ ಕೆಂಪು. ಅಡಿಕೆ, ಸುಣ್ಣ ಇದೆ, ಆದರೆ ವೀಳ್ಯದೆಲೆ ಬಿಟ್ಟು ಆ ಬಳ್ಳಿಯ ಕಾಯಿ ಕಡಿಯುತ್ತಾರೆ. ಮೈಸೂರು ಚಿಗುರೆಲೆ ರುಚಿ ಕಂಡವರಿಗೆ ಇದು ಸಪ್ಪೆ, ನಾನು ಒಂದೇ ಸಲ ನೋಡಿದ್ದು, ಅವ್ವನಾಣೆ.

ಈಗ ತಾತನ ಮಾತಿಗೆ ಬರುತ್ತೇನೆ. ನಡುಮನೆಯಲ್ಲಿ ಗೆದ್ದಲು ತಿಂದ ಫ್ರೇಮಿನ ಫೋಟೋ ಇದೆಯಲ್ಲ, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆಗುವ ಮೊದಲಿನದು, ವೆಸ್ಲಿಯನ್ ಮಿಷನ್ ಕಾಲದ್ದು. ನಡುವೆ ಕುರ್ಚಿಯಲ್ಲಿ ದೊರೆ, ಅಂದರೆ ಬಿಳಿಯ ಮಿಷನರಿ, ಪಕ್ಕದಲ್ಲಿ ದೊರೆಸಾನಿ. ತಾತ ಬಲಗಡೆ ಕೊನೆಯಲ್ಲಿ ನಿಂತಿದ್ದಾರೆ, ಅರ್ಧ ಭುಜ ಕತ್ತರಿಸಿ ಹೋಗಿದೆ. ದೊರೆ ವರ್ಷಕ್ಕೊಮ್ಮೆ ಕಾರಿನಲ್ಲಿ ಬರುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ಉಳಿದ ದಿನವೆಲ್ಲಾ ಉಪದೇಶಿ ಅಂತ ನಾಗಮಂಗಲದ ಕಡೆ, ಮಳವಳ್ಳಿ ಕಡೆ ನಡೆದದ್ದು ತಾತ. ಬುತ್ತಿಗೆ ರೊಟ್ಟಿ, ಉಚ್ಚೆಳ್ಳು ಚಟ್ನಿ. ಬೋಧನೆ ಮಾಡಿದ್ದು, ಸತ್ತವರ ಮನೆಯಲ್ಲಿ ರಾತ್ರಿಯೆಲ್ಲಾ ಕೂತದ್ದು, ಸಾಲದ ಜಗಳ ಬಿಡಿಸಿದ್ದು ಎಲ್ಲಾ ತಾತನೇ. ದೊರೆಯ ಕನ್ನಡ ಕೇಳಲು ಜನ ಸೇರುತ್ತಿದ್ದರು, ಅದು ಸರ್ಕಸ್ಸು ನೋಡಿದ ಹಾಗೆ. ಅಜ್ಜಿಯ ಮಾತೇ ಅದು, ನನ್ನದಲ್ಲ.

ನಾನು ಆ ಊರಿನಲ್ಲಿ ಮುಂದೆ ಕೂತಿದ್ದಾಗ ಈ ಫೋಟೋ ನೆನಪಾಯಿತು. ಕುರ್ಚಿಯಲ್ಲಿ ನಾನಿದ್ದೆ.

ಭಾವನ ಮನಸ್ಸು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ನನ್ನ ಓದಿಗೆ ದುಡ್ಡು ಕೊಟ್ಟವರು ಅವರು. ಅವರಿಗೆ ಹೀಗೆ ಹೇಳಿ: ಬರಬೇಕು ಅಂದರೆ ಬರಲಿ, ನನ್ನ ಮನೆಗೆ ಬರಲಿ, ಗೊರೊಕಾ ಸಂತೆ ತೋರಿಸುತ್ತೇನೆ, ಹುಡುಗರಿಗೆ ಒಂದು ದಿನ ಮುದ್ದೆ ಸಾರು ಮಾಡಿ ಹಾಕಲಿ. ಬೆಟ್ಟ ಹತ್ತುವುದು ಬೇಡ. ಹಣವನ್ನು ವಿಮಾನದ ಸೀಟಿಗೆ ಕೊಡಲಿ. ಎಲ್ಲಕ್ಕಿಂತ ಜಾಸ್ತಿ ಖರ್ಚು ಅದೇ, ಅದಕ್ಕೆ ಯಾರೂ ಕೊಡುವುದಿಲ್ಲ, ಫೋಟೋದಲ್ಲಿ ಸೀಟು ಚೆನ್ನಾಗಿ ಕಾಣುವುದಿಲ್ಲ ನೋಡಿ. ಉಳಿದದ್ದರಲ್ಲಿ ಉಪ್ಪು, ಬ್ಯಾಟರಿ, ಮಲೇರಿಯಾ ಮಾತ್ರೆ. ಸ್ತ್ರೀಯರ ಕೂಟದವರು ಹೊಲಿದು ಕೊಡುತ್ತೇವೆ ಅಂದಿದ್ದಾರಂತೆ, ಹಾಗಾದರೆ ಮಳೆಗೆ ಬೈಬಲ್ ನೆನೆಯದ ಹಾಗೆ ರೆಕ್ಸಿನ್ ಚೀಲ ಹೊಲಿಯಲಿ, ಹಗುರವಾಗಿ. ಹೆಸರು ಹಾಕಿಸುವುದು ಬೇಡ. ಖರ್ಚಿನ ಲೆಕ್ಕ ಇಲ್ಲಿನ ನಾಣ್ಯ ಕೀನಾದಲ್ಲೂ ರೂಪಾಯಿಯಲ್ಲೂ ಬರೆದು ಕಳಿಸುತ್ತೇನೆ, ಒಂದು ಪೈಸೆಯೂ ಬಿಡದೆ.

ಆ ಹಂದಿಯ ಸಾಲ ಮಾತ್ರ ಸಭೆಯ ಹಣದಲ್ಲಿ ತೀರಿಸುವುದಿಲ್ಲ. ಅದು ನನ್ನದು. ತಿಂಗಳು ತಿಂಗಳು ಎತ್ತಿಡುತ್ತಿದ್ದೇನೆ. ಮದುವೆ ಹೊತ್ತಿಗೆ ಒಂದು ಹಂದಿ ಕೊಡಿಸುವಷ್ಟಾಗುತ್ತೆ. ಹುಡುಗರೇ ತಲುಪಿಸುತ್ತಾರೆ, ನಾನು ಹೋಗುವುದಿಲ್ಲ.

ನಾಳೆ ಬೆಳಿಗ್ಗೆ ಐದಕ್ಕೆ ಇನ್ನೊಂದು ತಂಡದ ತೂಕ ಇದೆ. ಮಲಗುತ್ತೇನೆ. ಅಕ್ಕನಿಗೆ, ಮಕ್ಕಳಿಗೆ ನನ್ನ ನೆನಪು. ಅಪ್ಪಾ, ಬಿಪಿ ಮಾತ್ರೆ ತಪ್ಪಿಸಬೇಡಿ.

ಆ ಫೋಟೋವನ್ನು ಒಮ್ಮೆ ಗೋಡೆಯಿಂದ ಇಳಿಸಿ ಹಿಂದೆ ನೋಡುತ್ತೀರಾ? ತಾತನ ಹೆಸರು ಎಲ್ಲಾದರೂ ಬರೆದಿದೆಯಾ ಅಂತ. ಇಲ್ಲದಿದ್ದರೆ ನೀವೇ ಬರೆದುಬಿಡಿ, ಅಕ್ಷರ ನಿಮ್ಮದು ಚೆನ್ನಾಗಿದೆ.

ನಿಮ್ಮ ಚಿಕ್ಕ ಮಗ