ಹುವಾಂಗ್‌ಲಿಯನ್ ಬೇರು ಇನ್ನು ಚೀಟಿ ಇದ್ದರೆ ಮಾತ್ರ

ಸಿಂಗಪುರದ ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ,

ಮುಂದಿನ ತಿಂಗಳಿಂದ ಹುವಾಂಗ್‌ಲಿಯನ್ ಅನ್ನುವ ಚೀನೀ ಔಷಧಿಯ ಕಹಿ ಬೇರನ್ನು ಕೇಳಿದವರಿಗೆಲ್ಲ ತೂಗಿ ಕೊಡುವುದಿಲ್ಲ. ಇಲ್ಲಿ ನೋಂದಣಿ ಆಗಿರುವ ಚೀನೀ ಪದ್ಧತಿಯ ವೈದ್ಯರ ಚೀಟಿ ತಂದರೆ ಮಾತ್ರ ಕೊಡುತ್ತೇವೆ. ಮನೆಗೆ ಕಳಿಸುವುದೂ ಇಲ್ಲ. ಪುಡಿಯಂತೂ ಪೂರ್ತಿ ಬಂದ್: ಇಡೀ ಬೇರಾದರೆ ಕೋಳಿ ಕಾಲಿನ ಹಾಗೆ ಕವಲೊಡೆದಿರುತ್ತದೆ, ನೋಡಿದ ಕೂಡಲೇ ಗುರುತು ಸಿಗುತ್ತದೆ, ಪುಡಿಯಲ್ಲಿ ಏನು ಬೆರೆತಿದೆ ಅಂತ ನಾವೂ ಹೇಳಲಾರೆವು.

ಈಚೆಗೆ ಇದನ್ನು ಕೇಳುವವರಲ್ಲಿ ಎರಡು ಥರದವರು ಜಾಸ್ತಿ. ರೀಲ್ಸ್ ನೋಡಿ ತೂಕ ಇಳಿಸೋಕೆ ಬಂದವರು, ಮತ್ತೆ ಮಗಳ ಬಾಣಂತನಕ್ಕೆ ಊರಿಂದ ಬಂದ ಅಮ್ಮಂದಿರು. ಮರದರಿಶಿನ ಬಳಸಿ ಗೊತ್ತಿರುವ ಅಮ್ಮಂದಿರು ಬೇರಿನ ತುಂಡು ಮುರಿದು, ಒಳಗಿನ ಹಳದಿ ನೋಡಿ, ನಾಲಿಗೆಗೆ ಇಟ್ಟುಕೊಂಡು "ಅದೇ ಇದು" ಅಂತಾರೆ. ಗಿಡ ಬೇರೆ. ಆದರೆ ಊಹೆ ಪೂರ್ತಿ ತಪ್ಪಲ್ಲ, ಎರಡರಲ್ಲೂ ಬರ್ಬೆರಿನ್ ಅನ್ನುವ ಕಹಿ ಹಳದಿ ಅಂಶ ಇದೆ. ನಮ್ಮ ಚಿಂತೆಯೂ ಅದೇ.

ಹುಟ್ಟಿದ ಮಗುವಿನ ರಕ್ತದಲ್ಲಿ ಕಾಮಾಲೆ ತರುವ ಬಿಲಿರುಬಿನ್ ಒಂದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಬರ್ಬೆರಿನ್ ಅದನ್ನು ಬಿಡಿಸಬಲ್ಲದು. ಹಾಗೆ ಬಿಡಿಯಾದ ಬಿಲಿರುಬಿನ್ ಜಾಸ್ತಿಯಾಗಿ ಮಿದುಳು ಸೇರಿದರೆ ಆಗುವ ಹಾನಿ ಜೀವನಪೂರ್ತಿ ಉಳಿಯುತ್ತದೆ. ಜಿಸಿಕ್ಸ್‌ಪಿಡಿ (G6PD, ಕೆಂಪು ರಕ್ತಕಣಗಳನ್ನು ಕಾಪಾಡುವ ಕಿಣ್ವ) ಕೊರತೆ ಇರುವ ಮಕ್ಕಳಿಗೆ ಕಾಮಾಲೆ ಮೊದಲೇ ಜೋರಾಗಿ ಬರುತ್ತದೆ, ಅವರಿಗೆ ಅಪಾಯ ಇನ್ನೂ ಹೆಚ್ಚು. ಇಲ್ಲಿ 1965ರಿಂದಲೂ ಹುಟ್ಟಿದ ಮಕ್ಕಳಿಗೆಲ್ಲ ಈ ಕೊರತೆಯ ಪರೀಕ್ಷೆ ಮಾಡುತ್ತಾರೆ, ಆಸ್ಪತ್ರೆಯ ಕಾಗದದಲ್ಲಿ ಬರೆದಿರುತ್ತದೆ, ಒಮ್ಮೆ ತೆಗೆದು ನೋಡಿ.

"ಸರ್ಕಾರವೇ ಬಿಟ್ಟಿದೆಯಲ್ಲ, ನಿಮ್ಮದೇನು?" ಅಂತ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಮಕ್ಕಳ ಕಾಮಾಲೆಯ ಕಾರಣಕ್ಕೆ 1978ರಲ್ಲಿ ಇಲ್ಲಿ ಬರ್ಬೆರಿನ್ ನಿಷೇಧಿಸಿದ್ದನ್ನು ಮತ್ತೆ ಪರಿಶೀಲಿಸಿ, ಸಿದ್ಧ ಔಷಧಿಗಳಿಗೆ 2013ರಲ್ಲಿ, ಬೇರಿಗೆ 2016ರಲ್ಲಿ ನಿಷೇಧ ತೆರವು ಮಾಡಿದ್ದು ನಿಜ. ಆದರೆ ತೆರವಾಯಿತು ಅಂದ ಮಾತ್ರಕ್ಕೆ ಎಳೆ ಮಗುವಿಗೆ ನೆಕ್ಕಿಸಬಹುದು ಅಂತಲ್ಲ ಅಲ್ವಾ? ಬಸುರಿಯರು, ಹಾಲುಣಿಸುವವರು ಕೂಡ ಬೇಡ. ಬರ್ಬೆರಿನ್ ಹಾಲಿಗೂ ಇಳಿಯಬಹುದು.

ತೂಕ, ಶುಗರ್ ಅಂತ ಬರುವವರಿಗೂ ಒಂದು ಮಾತು. ಇದು ನಿಜವಾಗಿಯೂ ಸಕ್ಕರೆ ಇಳಿಸುತ್ತದೆ, ಅದಕ್ಕೇ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಜೊತೆ ಸುಮ್ನೆ ಸೇರಿಸಿದರೆ ವಿಪರೀತ ಇಳಿದು ತಲೆಸುತ್ತು, ನಡುಕ ಬರಬಹುದು. ಕಿಡ್ನಿ ಕಸಿ ಆದವರು ದೇಹ ಕಸಿಯನ್ನು ತಿರಸ್ಕರಿಸದಂತೆ ತಗೊಳ್ಳುವ ಸೈಕ್ಲೋಸ್ಪೋರಿನ್ ಔಷಧಿಯ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಚೀನೀ ವೈದ್ಯರು ಸಾಮಾನ್ಯವಾಗಿ ದಿನಕ್ಕೆ 2ರಿಂದ 5 ಗ್ರಾಂ ಬರೆಯುತ್ತಾರೆ. ನಮ್ಮಲ್ಲಿ ಬಂದು ನೂರು ಗ್ರಾಂ ಕೊಡಿ ಅಂದವರೂ ಇದ್ದಾರೆ!

ಮನೆಯಲ್ಲಿ ಉಳಿದ ಪೊಟ್ಟಣ, ಒಡೆದಿದ್ದರೂ ಪರವಾಗಿಲ್ಲ, ತಂದುಕೊಡಿ, ದುಡ್ಡು ವಾಪಸ್ ಕೊಡುತ್ತೇವೆ. ಈಗಾಗಲೇ ಕುಡಿಯುತ್ತಿದ್ದರೆ ನಿಮ್ಮ ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಪೊಟ್ಟಣವನ್ನೇ ತೋರಿಸಿ. ಮಗುವಿನ ಕಣ್ಣು ಹಳದಿ ಕಂಡರೆ, ಹಾಲು ಕುಡಿಯದೆ ಮಂಕಾಗಿ ಮಲಗಿದರೆ ನಮಗೆ ಫೋನ್ ಮಾಡಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಇಂತಿ,
ನಿಮ್ಮ ಅಂಗಡಿಯವರು