ಲಿಪಿಕಾರರನ್ನು ವಿಶ್ವವಿದ್ಯಾಲಯವೇ ಒದಗಿಸಲಿ

ಪದವಿ ಪರೀಕ್ಷೆ ಹತ್ತಿರ ಬಂದರೆ ಅಂಧ ವಿದ್ಯಾರ್ಥಿಗಳು ಓದು ಬಿಟ್ಟು, ತಾವು ಹೇಳಿದ ಉತ್ತರ ಬರೆದುಕೊಡುವ ಲಿಪಿಕಾರರಿಗಾಗಿ ಅಲೆಯಬೇಕಾಗಿದೆ. ತಾವೇ ಕರೆತರುವ ಲಿಪಿಕಾರರು ತಮಗಿಂತ ಒಂದು ಹಂತ ಕಡಿಮೆ ಓದಿದವರಾಗಿರಬೇಕು ಎನ್ನುತ್ತಿತ್ತು ಕೇಂದ್ರದ 2018ರ ಮಾರ್ಗಸೂಚಿ. ಹಾಗಾಗಿ ಹೆಚ್ಚಾಗಿ ಪಿಯುಸಿ ಮಕ್ಕಳನ್ನೇ ಕೇಳುವುದು ರೂಢಿ. ಅವರಿಗೂ ತರಗತಿ, ಪರೀಕ್ಷೆ ಇರುತ್ತವೆ ಅಲ್ವಾ? ಹಿಂದಿನ ರಾತ್ರಿ ‘ನಾಳೆ ಬರೋಕಾಗಲ್ಲ ಅಕ್ಕ’ ಎಂದು ಫೋನ್ ಬಂದರೆ ಅಂಧ ವಿದ್ಯಾರ್ಥಿನಿ ಯಾರ ಮನೆ ಬಾಗಿಲು ತಟ್ಟಬೇಕು? ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಸಿಕ್ಕರೂ, ಬರೆಯುವವರೇ ಇಲ್ಲದಿದ್ದರೆ ಏನು ಬಂತು? ಪರೀಕ್ಷೆ ನಡೆಸುವವರೇ ಜಿಲ್ಲಾ ಮಟ್ಟದಲ್ಲಿ ಲಿಪಿಕಾರರ ಪಟ್ಟಿ ಮಾಡಿಕೊಳ್ಳಲು ಅದೇ ಮಾರ್ಗಸೂಚಿಯಲ್ಲಿ ಅವಕಾಶವಿತ್ತು. ವಿಶ್ವವಿದ್ಯಾಲಯಗಳು ಆ ಪಟ್ಟಿ ಸಿದ್ಧಪಡಿಸಿ, ಹಾಲ್ ಟಿಕೆಟ್ ಜತೆಗೇ ಲಿಪಿಕಾರರ ಹೆಸರು, ಫೋನ್ ನಂಬರ್ ಕೊಡಲಿ. ತುರ್ತಿಗೆ ಇನ್ನೊಬ್ಬರನ್ನೂ ಗೊತ್ತು ಮಾಡಿರಲಿ.

– ಪದವಿ ಕಾಲೇಜು ಉಪನ್ಯಾಸಕಿ, ಹಾಸನ