ಮಾಳಿಗಿ ಮ್ಯಾಲಿನ ಸೋಲಾರ್ ಬಗ್ಗೆ ಅಪ್ಪಾರಿಗೆ

ಓಲ್ಡನ್‌ಬರ್ಗ್, ಜರ್ಮನಿ

ತೀರ್ಥರೂಪ ಅಪ್ಪಾರಿಗೆ ನಮಸ್ಕಾರಗಳು. ನಾ ಇಲ್ಲಿ ಆರಾಮ ಅದೀನಿ.

ಕಲಬುರಗಿ ಮನಿಗೆ 3 ಕಿಲೊವ್ಯಾಟ್ ಸೋಲಾರ್ ಹಾಕಿಸಬೇಕಂತ ಬರೆದಿದ್ರಿ. ಹಾಕಿಸ್ರಿ. ಆದ್ರ ಮಾಳಿಗಿಗೆ ಡ್ರಿಲ್ ಹಚ್ಚೂಕಿಂತ ಮೊದಲ ಇದನ್ನ ಓದ್ರಿ.

ನಮ್ಮದು ಶಹಾಬಾದ್ ಫರಸಿ ಮಾಳಿಗಿ. ತೂತು ಹೊಡೆದ್ರ ಕಲ್ಲು ಪದರು ಬಿಡ್ತದ, ಮೊದಲ ಮಳೆಗೇ ಸೋರ್ತದ. ಅದಕ್ಕ ಸ್ಟ್ಯಾಂಡಿನ ಕಾಲಿಗೆ ಸಿಮೆಂಟ್ ದಿಮ್ಮಿ ಕಟ್ಟಿಸ್ರಿ. ದಿಮ್ಮಿ ಗೋಡಿ ಇಲ್ಲಾ ತೊಲಿ ಮ್ಯಾಲ ಕೂಡಬೇಕು, ಫರಸಿ ನಟ್ಟನಡುವ ಅಲ್ಲ. 540 ವ್ಯಾಟಿನ ಆರು ಪ್ಯಾನೆಲ್, ಒಂದೊಂದು ಸುಮಾರು 28 ಕೆಜಿ. ಭಾರಕ್ಕಿಂತ ಏಪ್ರಿಲ್-ಮೇ ಬಿರುಗಾಳಿ ಎತ್ತಿ ಒಗಿಯೋದೇ ದೊಡ್ಡ ಚಿಂತಿ. ದಿಮ್ಮಿ ತೂಕ ಅಂದಾಜಿನ ಮ್ಯಾಲ ಬ್ಯಾಡ, ಸೋಲಾರ್ ಹಾಕೋರಿಗೆ ಗಾಳಿ ಹೊಡೆತದ ಲೆಕ್ಕ ಕೇಳ್ರಿ.

ಇಲ್ಲಿ ಪ್ಯಾನೆಲ್ 35 ಡಿಗ್ರಿ ಓರೆ ಇಡ್ತಾರ. ಕಲಬುರಗಿಗೆ 15ರಿಂದ 17 ಡಿಗ್ರಿ ಸಾಕು, ಮುಖ ದಕ್ಷಿಣಕ್ಕ. ನೀರಿನ ಟಾಕಿ ಪ್ಯಾನೆಲಿನ ಉತ್ತರಕ್ಕ ಇರಲಿ. ಬೇವಿನ ಟೊಂಗಿ ಕಡಿಸ್ರಿ: ಒಂದೇ ಸೆಲ್ (ಪ್ಯಾನೆಲಿನಾಗಿನ ಒಂದು ಸಣ್ಣ ಚೌಕ) ಮ್ಯಾಲ ದಟ್ಟ ನೆರಳು ಬಿದ್ರೂ ಆ ಪ್ಯಾನೆಲಿನ ಮೂರರಾಗ ಒಂದು ಪಾಲು ಕರೆಂಟು ಹೋಗ್ತದ.

ಬಿಸಲು ಹೆಚ್ಚಾದಷ್ಟು ಕರೆಂಟು ಹೆಚ್ಚು ಅಂತ ತಿಳೀಬ್ಯಾಡ್ರಿ. ಬೇಕಾದ್ದು ಬೆಳಕು, ಕಾವು ಅಲ್ಲ. ಪ್ಯಾನೆಲ್ ಮ್ಯಾಲ ಬರೆದ 540 ವ್ಯಾಟ್ ಸೆಲ್ 25 ಡಿಗ್ರಿ ಇದ್ದಾಗಿನ ಲೆಕ್ಕ. ಮೇ ತಿಂಗಳ ನಡುಮಧ್ಯಾಹ್ನ ಸೆಲ್ 70 ಡಿಗ್ರಿ ಮುಟ್ತದ. ಡಿಗ್ರಿಗೆ ಸುಮಾರು 0.35 ಪರ್ಸೆಂಟ್ ಇಳದು, 540 ಇದ್ದದ್ದು 455ರ ಆಸುಪಾಸು ಆಗ್ತದ. ಕೆಳಗ ಒಂದು ಫೂಟಾದ್ರೂ ಸಂದು ಬಿಟ್ರ ಗಾಳಿ ಆಡ್ತದ, ಹಾನಿ ಕಡಿಮಿ. ಹಿಂಗ ಎಲ್ಲಾ ಕಳೆದು, ವರ್ಷದ ಸರಾಸರಿ ದಿನಕ್ಕ 12 ಯೂನಿಟ್ ಹಿಡೀರಿ.

ತೊಗರಿ ರಾಶಿ ಕಾಲದ ಧೂಳಿಗೆ ವಾರಕ್ಕೊಮ್ಮೆ ತೊಳೀಬೇಕು. ಮುಂಜಾನಿ ತಂಪಿನಾಗ ತೊಳೀರಿ. ಕಾದ ಗಾಜಿನ ಮ್ಯಾಲ ತಣ್ಣೀರು ಹಾಕಿದ್ರ ಬಿರುಕು ಬಿಡಬಹುದು. ಬೋರಿನ ಸವಳು ನೀರು ಒಣಗಿದ್ರ ಬಿಳಿ ಕಲಿ ಕೂಡ್ತದ, ಕೂಡಲೇ ವೈಪರ್ ಎಳೀರಿ.

ಅರ್ಥಿಂಗ್, ಅಂದ್ರ ಸೋರಿದ ಕರೆಂಟು ನೆಲಕ್ಕ ಇಳಿಸೋ ಕುಣಿ-ರಾಡು, ಅದರ ತಡೆ 5 ಓಮ್ ಒಳಗ ಬರಬೇಕು, ಮೀಟರ್ ಹಚ್ಚಿ ತೋರಸಂತ ಹೇಳ್ರಿ. ಎರಿ ಮಣ್ಣು ಬ್ಯಾಸಗಿಗೆ ಬಿರುಕು ಬಿಟ್ಟು ರಾಡಿನಿಂದ ಸರೀತದ. ಅದಕ್ಕ ಮಳೆಗಾಲದಾಗ ಅಳೆದ್ರ ಸಾಲದು, ಏಪ್ರಿಲಿನಾಗೂ ಅಳೀಬೇಕು. ಕುಣಿಗೆ ನೀರು ಹಾಕ್ತಿರ್ರಿ.

ಇನ್ನೊಂದು. ಆನ್-ಗ್ರಿಡ್ ಇನ್ವರ್ಟರ್ (ಬ್ಯಾಟರಿ ಇಲ್ಲದ, ಕಂಬದ ಲೈನಿಗೆ ಜೋಡಿಸೋದು) ಹಾಕಿದ್ರ ಕರೆಂಟು ಹೋದಾಗ ಸೋಲಾರೂ ಬಂದ್ ಆಗ್ತದ, ಎಷ್ಟೇ ಬಿಸಲಿರಲಿ. ಅದು ಕೆಟ್ಟಿದ್ದಲ್ಲ, ಕಂಬದ ಮ್ಯಾಲಿರೋ ಲೈನ್‌ಮನ್‌ಗೆ ನಮ್ಮ ಕರೆಂಟು ಹೊಡೀಬಾರದಂತ ಹಂಗ ಮಾಡಿರ್ತಾರ. ಆಗೂ ಫ್ಯಾನ್ ತಿರುಗಬೇಕಂದ್ರ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಬೇಕು. 2024ರ ಪಿಎಂ ಸೂರ್ಯ ಘರ್ ಯೋಜನಿಯಾಗ 3 ಕಿಲೊವ್ಯಾಟಿಗೆ ಸಬ್ಸಿಡಿ 78,000 ರೂಪಾಯಿ.

ಮಾಮಾ ಹೇಳಿದ, ಗಾಳಿಯಿಂದ ಕರೆಂಟು ಮಾಡೋ ಫ್ಯಾನು ಬ್ಯಾಡ. ಗಾಳಿ ವೇಗ ಅರ್ಧ ಆದ್ರ ಶಕ್ತಿ ಎಂಟನೇ ಒಂದು ಪಾಲಿಗೆ ಇಳೀತದ. ಒಂದು ಮೀಟರ್ ಅಗಲದ ಫ್ಯಾನು, ಸೆಕೆಂಡಿಗೆ 3 ಮೀಟರ್ ಗಾಳಿಗೆ, ಕೊಡೋದು ಮೂರ್ನಾಕು ವ್ಯಾಟ್. ಮೊಬೈಲ್ ಚಾರ್ಜೂ ನಿಧಾನ ಆಗ್ತದ.

ತೊಲಿ ಎಲ್ಲೆಲ್ಲಿ ಅವ ಅಂತ ಮಾಳಿಗಿ ಮ್ಯಾಲ ಸುಣ್ಣದ ಗೆರಿ ಎಳೆದು ಫೋಟೊ ಕಳಸ್ರಿ. ಮುಂಜಾನಿ ಒಂಬತ್ತಕ್ಕೊಂದು, ಸಂಜಿ ನಾಕಕ್ಕೊಂದು, ನೆರಳು ಕಾಣಬೇಕು.

ನಿಮ್ಮ ಮಗ